ದೊಡ್ಡ ಎಂಜಿನು, ಚಿಕ್ಕ ಎಂಜಿನು

ಎಂಜಿನು ದೊಡ್ಡದಾದಷ್ಟೂ ಅದರ ಸಾಮರ್ಥ್ಯ ಹೆಚ್ಚೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಎರಡು ಹಳೆಯ ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಭಾವನೆ ನಿಲ್ಲದು. ಒಂದು, 1908ರಿಂದ 1927ರವರೆಗೆ ಅಮೆರಿಕದಲ್ಲಿ ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ‘ಟಿ’ ಮಾದರಿ. ಇನ್ನೊಂದು, 1983ರಲ್ಲಿ ನಮ್ಮ ರಸ್ತೆಗಳಿಗಿಳಿದ ಮಾರುತಿ 800. ಫೋರ್ಡಿನ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ 2.9 ಲೀಟರು, ಅಶ್ವಸಾಮರ್ಥ್ಯ 20. ಮಾರುತಿಯ ಮೂರು ಸಿಲಿಂಡರುಗಳದು 0.8 ಲೀಟರಿಗೂ ತುಸು ಕಡಮೆ. ಅಶ್ವಸಾಮರ್ಥ್ಯವಾದರೋ ಸುಮಾರು 37!

ಇದು ಹೇಗೆ ಸಾಧ್ಯ? ಸಾಮರ್ಥ್ಯವೆಂಬುದು ತಿರುಗುಬಲ ಮತ್ತು ಕೋನೀಯ ವೇಗಗಳ ಗುಣಲಬ್ಧವೆಂದು ವಿದ್ಯಾರ್ಥಿಗಳು ಬಲ್ಲರು. ಫೋರ್ಡಿನ ಗರಿಷ್ಠ ತಿರುಗುಬಲ ಸುಮಾರು 110 ನ್ಯೂಟನ್-ಮೀಟರು, ಮಾರುತಿಯದು 60ರ ಆಸುಪಾಸು. ತಿರುಚುವುದರಲ್ಲಿ ಹಿರಿಯ ಕಾರೇ ಬಲಶಾಲಿ. ಆದರೆ ಅದರ ಪೂರ್ಣ ಸಾಮರ್ಥ್ಯ ದೊರೆಯುವುದು ನಿಮಿಷಕ್ಕೆ 1600 ಸುತ್ತುಗಳಲ್ಲಿ. ಮಾರುತಿಯದು ಸುಮಾರು 5000ದಲ್ಲಿ. ಬಲದಲ್ಲಿ ಸೋತದ್ದನ್ನು ಚಿಕ್ಕ ಎಂಜಿನು ವೇಗದಲ್ಲಿ ಗಳಿಸಿಕೊಳ್ಳುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಸ್ವಾರಸ್ಯವಾದುದು. ಕಿಡಿ ಹಾರುವ ಮುನ್ನ ಪೆಟ್ರೋಲು-ಗಾಳಿಗಳ ಮಿಶ್ರಣವನ್ನು ಫೋರ್ಡ್ ಎಂಜಿನು ನಾಲ್ಕನೆಯ ಒಂದರಷ್ಟು ಗಾತ್ರಕ್ಕೆ ಮಾತ್ರ ಒತ್ತುತ್ತಿತ್ತು. ಮಾರುತಿ ಹೆಚ್ಚು ಕಡಮೆ ಒಂಬತ್ತನೆಯ ಒಂದಕ್ಕೆ ಒತ್ತುತ್ತದೆ. ಆಟೋ ಚಕ್ರದ ಸೂತ್ರದಂತೆ ಲೆಕ್ಕಮಾಡಿದರೆ ಆದರ್ಶ ದಕ್ಷತೆ ಮೊದಲನೆಯದಕ್ಕೆ ಶೇಕಡ 43, ಎರಡನೆಯದಕ್ಕೆ ಶೇಕಡ 58. ನಿಜವಾದ ಎಂಜಿನುಗಳಲ್ಲಿ ಇದಕ್ಕಿಂತ ಬಹಳ ಕಡಮೆ ದಕ್ಕುವುದು. ಆದರೂ ಯಾವುದು ಮೇಲೆಂಬುದು ಬದಲಾಗದು.

ಹಾಗಾದರೆ ಫೋರ್ಡಿನವರು ಇನ್ನಷ್ಟು ಏಕೆ ಒತ್ತಲಿಲ್ಲ? ಸೂತ್ರ ಆಗಲೂ ತಿಳಿದೇ ಇದ್ದಿತು. ಆದರೆ ಅನಿಲವನ್ನು ಥಟ್ಟನೆ ಒತ್ತಿದರೆ ಅದು ಕಾಯುವುದಷ್ಟೆ. ಅಂದಿನ ಕೀಳು ದರ್ಜೆಯ ಪೆಟ್ರೋಲು ಆ ಶಾಖ ಮತ್ತು ಒತ್ತಡಗಳನ್ನು ತಾಳದೆ, ಜ್ವಾಲೆ ಬಂದು ಮುಟ್ಟುವ ಮೊದಲೇ ತಾನಾಗಿ ಸ್ಫೋಟಿಸಿ ಪಿಸ್ಟನ್ನನ್ನು ಬಡಿಯುತ್ತಿತ್ತು. (ಆ ಪೆಟ್ರೋಲು ಎಂಜಿನಿಗೆ ಬರುತ್ತಿದ್ದುದೂ ಸೀಟಿನಡಿಯ ತೊಟ್ಟಿಯಿಂದ, ಕೇವಲ ಗುರುತ್ವದಿಂದ. ಆದುದರಿಂದ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿತ್ತು!)

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಟೆಟ್ರಾಈಥೈಲ್ ಸೀಸವನ್ನು ಬೆರೆಸಿ ಈ ಬಡಿತವನ್ನು ಅಡಗಿಸಿದನು. ಅದರಿಂದ ಎಂಜಿನುಗಳು ಬಲಿತವು; ಹೊಗೆಯೊಡನೆ ಹೊರಬಿದ್ದ ಸೀಸ ಮಾತ್ರ ಉಸಿರಿನ ಮೂಲಕ ರಕ್ತಕ್ಕೆ ಸೇರಿ, ಮಕ್ಕಳ ಮಿದುಳಿನ ಬೆಳವಣಿಗೆಗೇ ಕುಂದು ತಂದಿತು. ಸೀಸ ವಿಷವೆಂಬುದು ಹೊಸ ಸಂಗತಿಯೇನೂ ಆಗಿರಲಿಲ್ಲ. ಆದರೂ ನಮ್ಮ ದೇಶದಲ್ಲಿ ಅದನ್ನು ಪೆಟ್ರೋಲಿನಿಂದ ಪೂರ್ತಿಯಾಗಿ ತೆಗೆದದ್ದು 2000ದಲ್ಲಿ. ಬಳಿಕ ಅದೇ ಮಾರುತಿ, ಒತ್ತಡವನ್ನು ತಾಳುವಂತೆ ಶುದ್ಧೀಕರಣಾಗಾರದಲ್ಲಿಯೇ ಹದಗೊಳಿಸಿದ ಪೆಟ್ರೋಲಿನಿಂದ ಓಡಿತು.