ಕಚೇರಿಯ ದಫ್ತರವೂ ರೈತನ ಹಕ್ಕೂ

ಮಳೆಯು ಮಿತಿಮೀರಿ ಬೆಳೆಯು ನೆಲಕಚ್ಚಿದ ವರ್ಷದಲ್ಲಿ ಗ್ರಾಮಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುವುದುಂಟು. ಬದುವಿನ ಈಚೆಯವನಿಗೆ ಪರಿಹಾರದ ಹಣವು ಬಂದಿತು, ಆಚೆಯವನಿಗೆ ಬರಲಿಲ್ಲ. ಇಬ್ಬರ ರಾಗಿಯೂ ಒಂದೇ ನೀರಿನಲ್ಲಿ ಕೊಳೆತಿತ್ತು. ಹಣ ಬಾರದವನು ಗ್ರಾಮದ ಮುಖಂಡರ ಜಗುಲಿಗೆ ಬರುವನು. ಮುಖಂಡರು ತಾಲ್ಲೂಕು ಕಚೇರಿಗೆ ಹೋಗುವರು. ಪಟ್ಟಿಯು ಮೇಲಕ್ಕೆ ಹೋಗಿದೆಯೆಂಬ ಉತ್ತರವನ್ನು ಪಡೆದು ಹಿಂದಿರುಗುವರು. ಆ ಪಟ್ಟಿಯಲ್ಲಿ ಏನು ಬರೆದಿದೆಯೆಂಬುದನ್ನು ಕಾಣದೆ ಎಷ್ಟು ವಾದಿಸಿದರೂ ವ್ಯರ್ಥವೇ ಸರಿ. ಅದನ್ನು ಕಾಣುವ ಅಧಿಕಾರವನ್ನು 2005ನೆಯ ಇಸವಿಯ ಮಾಹಿತಿ ಹಕ್ಕು ಕಾಯಿದೆಯು ದೇಶದ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿರುವುದು.

ಈ ಕಾಯಿದೆಯು ಕೇವಲ ಪಟ್ಟಣದ ವಿದ್ಯಾವಂತರ ಸಭೆಗಳಲ್ಲಿ ಹುಟ್ಟಿದುದಲ್ಲ. ರಾಜಸ್ಥಾನದ ಒಣಸೀಮೆಯಲ್ಲಿ ಸರ್ಕಾರದ ಕಾಮಗಾರಿಗಳಲ್ಲಿ ದುಡಿದ ಕೂಲಿಗಾರರಿಗೆ ಗೊತ್ತಾದ ಕೂಲಿಯು ಪೂರ್ತಿಯಾಗಿ ಕೈಸೇರುತ್ತಿರಲಿಲ್ಲ. ಹಾಜರಿ ಪಟ್ಟಿಯನ್ನು ತೋರಿಸಿರೆಂದರೆ ಅದು ಸರ್ಕಾರದ ಗುಟ್ಟೆಂದು ಹೇಳಲಾಗುತ್ತಿತ್ತು. 1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಸ್ಥಾಪಿತವಾಯಿತು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಅದರ ಮೊದಲನೆಯ ಜನಸುನವಾಯಿ, ಎಂದರೆ ಬಹಿರಂಗ ವಿಚಾರಣೆಯು, ನಡೆಯಿತು. ಇಂತಹ ಸಭೆಗಳಲ್ಲಿ ಲೆಕ್ಕಪತ್ರಗಳನ್ನು ಊರವರೆದುರಿಗೆ ಗಟ್ಟಿಯಾಗಿ ಓದಿದಾಗ, ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿಯು ಬಟವಾಡೆಯಾಗಿದ್ದುದೂ, ಮುಗಿಯದ ಕಟ್ಟಡಗಳು ಮುಗಿದವೆಂದು ದಾಖಲಾಗಿದ್ದುದೂ ಹೊರಬಿದ್ದುವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿವಸಗಳ ಧರಣಿಯು ನಡೆಯಿತು. ಕರ್ನಾಟಕವು 2000ದಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತ್ತು; 2005ರ ಅಕ್ಟೋಬರ್ 12ರಿಂದ ಕೇಂದ್ರದ ಕಾಯಿದೆಯು ಪೂರ್ಣವಾಗಿ ಜಾರಿಗೆ ಬಂದಿತು.

ಮಾಹಿತಿಯೆಂದರೆ ಕಾಗದದ ನಕಲು ಮಾತ್ರವೇ ಎಂದು ಅನೇಕರು ಭಾವಿಸಿರುವರು. ಅದು ಸರಿಯಲ್ಲ. ದಫ್ತರವನ್ನು ಕಚೇರಿಯಲ್ಲಿ ಕುಳಿತು ಪರಿಶೀಲಿಸಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ದೃಢೀಕೃತ ನಕಲು ಪಡೆಯಬಹುದು. ನಡೆದ ಕಾಮಗಾರಿಯನ್ನೇ ಪರಿಶೀಲಿಸಬಹುದು. ಅದರಲ್ಲಿ ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಸಹ ಪಡೆಯಬಹುದು. ಹಳ್ಳಕ್ಕೆ ಕಟ್ಟಿದ ತಡೆಗೋಡೆಯು ಮೊದಲ ಮಳೆಗೇ ಬಿರಿದ ಊರಿನವರಿಗೆ ಈ ಕಡೆಯ ಮಾತು ವಿಶೇಷವಾಗಿ ಉಪಯೋಗಕ್ಕೆ ಬರತಕ್ಕುದು. ಸಹಾಯಧನದ ಯೋಜನೆಗಳಿಗೆ ಎಷ್ಟು ಹಣವು ಹಂಚಿಕೆಯಾಯಿತು, ಫಲಾನುಭವಿಗಳು ಯಾರು ಎಂಬುದನ್ನಂತೂ, ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 4ನೆಯ ಪ್ರಕರಣವು ವಿಧಿಸಿರುವುದು. ಗ್ರಾಮ ಪಂಚಾಯಿತಿಯೂ ಈ ಕಟ್ಟಳೆಗೆ ಒಳಪಟ್ಟುದಾದ್ದರಿಂದ, ಮುಖಂಡರು ಪರರ ದಫ್ತರವನ್ನು ಕೇಳುವುದಕ್ಕೆ ಮುಂಚೆ ತಮ್ಮ ಪಂಚಾಯಿತಿಯ ಗೋಡೆಯ ಮೇಲೆ ಏನು ಬರೆದಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಲೇಸು.

ಅರ್ಜಿಯ ಒಕ್ಕಣೆಯಲ್ಲಿಯೇ ಬಹುಮಂದಿ ಎಡವುವರು. "ನನಗೆ ಪರಿಹಾರವನ್ನು ಏಕೆ ಕೊಡಲಿಲ್ಲ?" ಎಂದು ಬರೆದರೆ ಅದು ಆಕ್ಷೇಪಣೆಯಾಗುವುದೇ ಹೊರತು ಮಾಹಿತಿಯ ಕೋರಿಕೆಯಾಗದು. ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡುವುದು ಅಧಿಕಾರಿಯ ಕರ್ತವ್ಯ. ಇಲ್ಲದುದನ್ನು ಹೊಸದಾಗಿ ರಚಿಸಿ ಕೊಡುವುದಲ್ಲ. ಆದುದರಿಂದ ಕೇಳತಕ್ಕ ರೀತಿಯು ಹೀಗಿರಬೇಕು: "ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನಿನಲ್ಲಿ ಇಂಥ ತಿಂಗಳು ಆದ ಬೆಳೆನಷ್ಟದ ಬಗ್ಗೆ ನಡೆದ ಜಂಟಿ ಸಮೀಕ್ಷೆಯ ವರದಿ, ಸ್ಥಳ ತನಿಖೆಯ ಟಿಪ್ಪಣಿ, ಮತ್ತು ಗ್ರಾಮದ ಪರಿಹಾರದ ಪಟ್ಟಿ, ಇವುಗಳ ದೃಢೀಕೃತ ನಕಲು." ಇದರಿಂದ ಸಮೀಕ್ಷೆಯವರು ಆ ಹೊಲಕ್ಕೆ ಬಂದಿದ್ದರೇ, ನಷ್ಟವನ್ನು ಎಷ್ಟೆಂದು ಬರೆದರು, ಸರ್ವೆ ನಂಬರು ತಪ್ಪಾಗಿ ನಮೂದಾಯಿತೇ ಎಂಬುದು ತಾನಾಗಿಯೇ ತಿಳಿಯುವುದು. ಕರ್ನಾಟಕದ ನಿಯಮಗಳ ಮೇರೆಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಮಾತುಗಳನ್ನು ಮೀರಬಾರದು. ಕನ್ನಡದಲ್ಲಿಯೇ ಬರೆಯಬಹುದು. ಏತಕ್ಕಾಗಿ ಬೇಕೆಂಬ ಕಾರಣವನ್ನು ಹೇಳಬೇಕಾಗಿಲ್ಲ. ಅಧಿಕಾರಿಯು ಅದನ್ನು ಕೇಳಲೂ ಕೂಡದು. ಬರೆಯಲಾರದವನ ಬಾಯಿಮಾತನ್ನು ಬರಹಕ್ಕೆ ಇಳಿಸಲು ಅಧಿಕಾರಿಯೇ ಸಹಾಯ ಮಾಡತಕ್ಕದ್ದು. ಪಹಣಿಯಂತಹ ಪತ್ರಗಳಾದರೋ ನಾಡಕಚೇರಿಯಲ್ಲಿ ನಿಯತ ಶುಲ್ಕಕ್ಕೆ ದೊರೆಯುವುದರಿಂದ, ಅವುಗಳಿಗೆ ಈ ಸುತ್ತುದಾರಿಯು ಬೇಡ.

ಅರ್ಜಿಯ ಶುಲ್ಕವು 10 ರೂಪಾಯಿ. ಸಾಮಾನ್ಯ ಅಳತೆಯ ನಕಲಿಗೆ ಪುಟವೊಂದಕ್ಕೆ 2 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರು ಅರ್ಜಿ ಶುಲ್ಕವನ್ನು ಕೊಡಬೇಕಾಗಿಲ್ಲ. ದಾಖಲೆಯು ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು 5 ದಿವಸಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿವಸಗಳ ಗಡುವು. ಪ್ರಾಣ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಗಳು. ಗಡುವು ಮೀರಿದರೆ ನಕಲನ್ನು ಉಚಿತವಾಗಿ ಕೊಡಬೇಕಾಗುವುದು. ಸ್ವೀಕೃತಿಯ ಮೊಹರಿಲ್ಲದ ಅರ್ಜಿಯು ಕಚೇರಿಯಲ್ಲಿ ಕಳೆದುಹೋದರೆ ಕೊಟ್ಟುದಕ್ಕೆ ಸಾಕ್ಷ್ಯವೇ ಇರುವುದಿಲ್ಲವಾದ್ದರಿಂದ, ಒಂದು ಪ್ರತಿಗೆ ತಾರೀಖು ಸಹಿತ ಮೊಹರನ್ನು ಹಾಕಿಸಿಕೊಳ್ಳತಕ್ಕದ್ದು.

ಎಲ್ಲವನ್ನೂ ಕೊಡಬೇಕೆಂದಿಲ್ಲ. ದೇಶದ ಭದ್ರತೆ, ನಡೆಯುತ್ತಿರುವ ತನಿಖೆಗೆ ತೊಡಕಾಗುವ ಸಂಗತಿ, ಇತರರ ಸ್ವಂತ ವಿವರ ಮುಂತಾದುವುಗಳಿಗೆ 8ನೆಯ ಪ್ರಕರಣದಲ್ಲಿ ವಿನಾಯಿತಿಯಿರುವುದು. ಸ್ವಂತ ವಿವರದ ವಿನಾಯಿತಿಯ ಒಕ್ಕಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ತಿದ್ದಿ ಹೆಚ್ಚು ವಿಶಾಲಗೊಳಿಸಿದುದರಿಂದ, ನೆರೆಯವನ ಹೆಸರಿರುವ ಪಟ್ಟಿಯನ್ನು ಕೇಳಿದಾಗ ಈ ಆಕ್ಷೇಪಣೆಯು ಬರಬಹುದು. ಆಗ 4ನೆಯ ಪ್ರಕರಣವನ್ನೂ, ಸಾರ್ವಜನಿಕ ಹಿತವು ಹಾನಿಗಿಂತ ಮಿಗಿಲಾದರೆ ಮಾಹಿತಿಯನ್ನು ಕೊಡಬಹುದೆಂಬ 8(2)ನೆಯ ಉಪಪ್ರಕರಣವನ್ನೂ ಎತ್ತಿ ತೋರಿಸಬೇಕು. ಒಂದು ಭಾಗಕ್ಕೆ ಮಾತ್ರ ವಿನಾಯಿತಿಯಿದ್ದರೆ ಅದನ್ನು ಮರೆಮಾಡಿ ಉಳಿದುದನ್ನು ಕೊಡಲು ಅವಕಾಶವುಂಟು.

ಉತ್ತರ ಬಾರದಿದ್ದರೆ ಅಥವಾ ಅದು ಸಮರ್ಪಕವಾಗಿರದಿದ್ದರೆ, ಅದೇ ಇಲಾಖೆಯ ಮೇಲಣ ಅಧಿಕಾರಿಗೆ 30 ದಿವಸಗಳೊಳಗೆ ಮೊದಲನೆಯ ಅಪೀಲು. ಅನಂತರ 90 ದಿವಸಗಳೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಅಪೀಲು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗವು ದಿನವೊಂದಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡವನ್ನು ವಿಧಿಸಬಹುದು. ಆಯೋಗದಲ್ಲಿ ಅಪೀಲುಗಳು ಬಹುಕಾಲ ಕಾಯುವುದುಂಟು. ಮೊದಲನೆಯ ಅರ್ಜಿಯನ್ನೇ ಸರ್ವೆ ನಂಬರು, ತಾರೀಖುಗಳ ಸಮೇತ ಸ್ಫುಟವಾಗಿ ಬರೆದವನಿಗೆ ಅಷ್ಟು ದೂರ ಹೋಗುವ ಪ್ರಮೇಯವು ಕಡಮೆ.