ಜಾರುವ ಸರಪಳಿಯ ಲೆಕ್ಕ ನೀವೇ ಬರೆಯಿರಿ

ತಮ್ಮಾ, ತಂಗೀ, ಎಂ.ಎಸ್ಸಿ. ಪ್ರಾಜೆಕ್ಟಿಗೆ ದೊಡ್ಡ ಕಂಪ್ಯೂಟರು, ದುಬಾರಿ ಸಾಫ್ಟ್‌ವೇರು ಇಲ್ಲವೆಂದು ಕೈಚೆಲ್ಲಿ ಕೂಡಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ, ನೀವು ಎಲ್ಲಿಯವರೇ ಆಗಿರಿ, ಒಂದು ಸಾದಾ ಲ್ಯಾಪ್‌ಟಾಪ್ ಇದ್ದರೆ ಘರ್ಷಣೆ ಹುಟ್ಟುವ ಬಗೆಯನ್ನು ಪರಮಾಣುವಿನ ಮಟ್ಟದಲ್ಲೇ ನೋಡಬಹುದು.

ಘರ್ಷಣೆಯ ಕಥೆ ನಮ್ಮ ಸೀಮೆಗೆ ಹೊಸದಲ್ಲ. ಘಟಪ್ರಭೆಯ ನೀರಿನ ಬಲದಿಂದ 1887ರಲ್ಲೇ ಗೋಕಾಕ ಫಾಲ್ಸಿನ ನೂಲಿನ ಗಿರಣಿ ತಿರುಗಿತು. ನೂಲುವ ರಿಂಗ್ ಫ್ರೇಮಿನಲ್ಲಿ ಟ್ರಾವೆಲರ್ ಎಂಬ ಉಗುರಿನಷ್ಟೂ ಇಲ್ಲದ ಉಕ್ಕಿನ ಕೊಂಡಿ ಇರುತ್ತದೆ. ರಿಂಗಿನ ಮೇಲೆ ಅದು ಸೆಕೆಂಡಿಗೆ 40 ಮೀಟರ್ ಆಸುಪಾಸು ಓಡತೊಡಗಿದರೆ ತಿಕ್ಕಾಟದ ಕಾವಿಗೇ ಸುಟ್ಟು ಸವೆಯುತ್ತದೆ. ಸ್ಪಿಂಡಲಿನ ವೇಗಕ್ಕೆ ಮುಖ್ಯ ಅಡ್ಡಿ ಇದೇ. ಆದರೆ ಹತ್ತಿಯ ಎಳೆಗಳು ನೂಲಿನಲ್ಲಿ ಒಂದನ್ನೊಂದು ಹಿಡಿದು ನಿಲ್ಲುವುದೂ ಘರ್ಷಣೆಯಿಂದಲೇ. ಆದ್ದರಿಂದ ಅದನ್ನು ಶತ್ರುವೆಂದು ಎಣಿಸಿ ಕೆಲಸ ಶುರುಮಾಡಬೇಡಿ.

ಹರಳಿನೊಳಗೆ ದೋಷಗಳು ಸರಿಯುವ ಬಗೆ ತಿಳಿಯಲು ಯಾಕೊವ್ ಫ್ರೆಂಕೆಲ್ ಮತ್ತು ತತ್ಯಾನಾ ಕೊಂಟೊರೊವಾ 1938ರಲ್ಲಿ ಒಂದು ಮಾದರಿ ಕೊಟ್ಟರು. ಘರ್ಷಣೆಯ ಲೆಕ್ಕಕ್ಕೂ ಅದೇ ಒದಗುತ್ತದೆ. ಸ್ಪ್ರಿಂಗುಗಳಿಂದ ಪೋಣಿಸಿದ ಪರಮಾಣುಗಳ ಸಾಲು, ಅದರ ಕೆಳಗೆ ಏರಿಳಿತದ ನೆಲ, ಇಷ್ಟೇ. ಒಂದೇ ಅಳತೆಯ ಹಲ್ಲಿನ ಎರಡು ಹಣಿಗೆಗಳನ್ನು ಎದುರುಬದುರು ಒತ್ತಿದರೆ ಕಚ್ಚಿಕೊಳ್ಳುತ್ತವೆ, ಅಳತೆ ಬೇರೆಯಾದರೆ ಜಾರುತ್ತವೆ. ಇಲ್ಲೂ ಹಾಗೆಯೇ. ಅಂತರ ಸರಿಹೊಂದಿದರೆ ಎಲ್ಲ ಪರಮಾಣುಗಳೂ ಒಟ್ಟಿಗೇ ದಿಬ್ಬ ಹತ್ತಬೇಕು. ಹೊಂದದಿದ್ದರೆ ಕೆಲವು ಹತ್ತುವಾಗ ಕೆಲವು ಇಳಿಯುತ್ತವೆ, ಬಲಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಇಲ್ಲಿಗೇ ನಿಂತು ಬಿಡುವವರು ಬಹಳ ಮಂದಿ. ಹೊಂದದ ಅಂತರವೊಂದೇ ಸಾಲದು, ಸರಪಳಿ ಬಿಗಿಯಾಗಿಯೂ ಇರಬೇಕು. ಸ್ಪ್ರಿಂಗು ಮೆತ್ತಗಾದರೆ ಪರಮಾಣುಗಳು ತಗ್ಗುಗಳಿಗೆ ಸರಿದು ಸಾಲು ಅಲ್ಲೇ ಸಿಕ್ಕಿಬೀಳುತ್ತದೆ. ಈ ತಿರುವನ್ನು ಫ್ರಾನ್ಸಿನ ಸೆರ್ಜ್ ಓಬ್ರಿ ಬಿಡಿಸಿ ತೋರಿಸಿದರು. ಅಂತರಗಳ ಅನುಪಾತ ಸುವರ್ಣಾನುಪಾತವಾಗಿದ್ದಾಗ, ರೂಢಿಯ ಅಳತೆಯಲ್ಲಿ ಸ್ಪ್ರಿಂಗಿಗೆ ಹೋಲಿಸಿದ ನೆಲದ ಬಲ ಸುಮಾರು 0.97 ದಾಟುತ್ತಲೇ ಜಾರಾಟ ನಿಲ್ಲುತ್ತದೆ. ಕಂಪ್ಯೂಟರಿಗೆ ಆ ಅನುಪಾತವನ್ನು 144 ತಗ್ಗುಗಳ ಮೇಲೆ 89 ಪರಮಾಣು ಇಟ್ಟು ಕೊಡಿ.

ಇದು ಬರೀ ಕಾಗದದ ಲೆಕ್ಕವಲ್ಲ. 2004ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಗ್ರಾಫೈಟಿನ ಮೇಲೆ ಗ್ರಾಫೈಟಿನದೇ ಚೂರನ್ನು ಸ್ವಲ್ಪ ತಿರುಗಿಸಿ ಎಳೆದಾಗ ಘರ್ಷಣೆ ಬಹುತೇಕ ಮಾಯವಾಯಿತು. 60 ಡಿಗ್ರಿ ತಿರುಗಿದ ಮೇಲೆ ಮತ್ತೆ ಬಂತು. 2015ರಲ್ಲಿ ಎಂಐಟಿಯ ವ್ಲಾದನ್ ವುಲೆಟಿಚ್ ತಂಡ ಕೆಲವೇ ಅಯಾನುಗಳನ್ನು ಬೆಳಕಿನ ಅಲೆಗಳ ಮೇಲೆ ಜಾರಿಸಿ ಇದನ್ನೇ ಕಂಡಿತು.

ಕೆಲಸಕ್ಕೆ ಕೂತಾಗ ಅವಸರ ಬೇಡ. ಮೊದಲು ಒಂದಕ್ಕೊಂದು ಹೊಂದಿದ ಸಾಲು ಹಾಕಿ, ಉತ್ತರವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಿ. ಎಳೆಯುವ ಬಲವನ್ನು ತೀರಾ ನಿಧಾನಕ್ಕೆ ಏರಿಸಿ. ಕಾಲದ ಹೆಜ್ಜೆ ಅರ್ಧ ಮಾಡಿದರೆ ಉತ್ತರ ಬದಲಾಗುತ್ತದೆಯೇ ನೋಡಿ. ಬದಲಾದರೆ ಅದನ್ನು ನಂಬಬೇಡಿ. ಸ್ಥಿರ ಘರ್ಷಣೆ ಸೊನ್ನೆ ಬಂದ ಮಾತ್ರಕ್ಕೆ ಚಲಿಸುವಾಗಲೂ ಸೊನ್ನೆ ಎಂದು ಬರೆಯಬೇಡಿ. ಜಾರುವ ಸಾಲು ಕೆಲವು ವೇಗಗಳಲ್ಲಿ ತನ್ನದೇ ಕಂಪನಗಳನ್ನು ಎಬ್ಬಿಸಿ ಶಕ್ತಿ ಕಳೆದುಕೊಳ್ಳುತ್ತದೆ. ಸಾಲಿನ ತುದಿಗಳು ಮುಕ್ತವಾಗಿದ್ದರೆ ಅವುಗಳ ಎಳೆತವೇ ಬೇರೆ.

ಯಾರದೋ ಸಿದ್ಧ ಕೋಡ್ ತಂದು ಓಡಿಸಬೇಡಿ. ಈ ಸರಪಳಿಯ ಕೋಡನ್ನು ಮೊದಲ ಸಾಲಿನಿಂದ ನೀವೇ ಬರೆಯಿರಿ.