ಶ್ರುತಿಶುದ್ಧಿಗೆ ಗಣಕಯಂತ್ರವೆಂಬ ಕನ್ನಡಿ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. ಅಂದು ನಮ್ಮ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ದೇವರನಾಮಗಳ ಗಾನವು ನಡೆಯುವುದು ವಾಡಿಕೆ. 1564ರಲ್ಲಿ ಹರಿಪದವನ್ನು ಸೇರಿದ ಈ ಮಹನೀಯರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಲೋಕವು ಕೊಂಡಾಡುತ್ತದೆ. ಸರಳೆ, ಜಂಟಿ, ಅಲಂಕಾರಗಳೆಂಬ ಅಭ್ಯಾಸಕ್ರಮವನ್ನು ಮಾಯಾಮಾಳವಗೌಳ ರಾಗದಲ್ಲಿ ಏರ್ಪಡಿಸಿದವರು ಅವರೇ ಎಂಬುದು ಸಂಪ್ರದಾಯದ ಮಾತು. ಇಂದಿಗೂ ಸಂಗೀತಪಾಠಕ್ಕೆ ಕುಳಿತ ಮಗುವಿಗೆ ಅದೇ ಮೊದಲ ಪಾಠ. ಇಂತಹ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿಯೇ “ನನಗೆ ಶ್ರುತಿ ಕೂಡುವುದಿಲ್ಲ” ಎಂದು ಬಾಯಿ ಮುಚ್ಚಿ ಕುಳಿತವರು ಎಷ್ಟು ಮಂದಿ! ಅವರಿಗಾಗಿ ಈ ಲೇಖನ.

ಅವರಲ್ಲಿ ನಾವೂ ಒಬ್ಬರೆಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇವೆ. ಪಾಠಶಾಲೆಯಲ್ಲಿದ್ದ ದಿನಗಳಲ್ಲಿ, ಉತ್ಸವದ ಸಾಮೂಹಿಕ ಗಾನಕ್ಕೆ ಮುನ್ನ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು, “ನೀನು ತುಟಿ ಮಾತ್ರ ಆಡಿಸು, ಸಾಕು” ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಆದರೆ ಅಂದಿನಿಂದ ಇಪ್ಪತ್ತು ವರ್ಷಗಳ ಕಾಲ ಭಜನೆಯಲ್ಲಿ ನಾವು ತಾಳ ಹಾಕಿದೆವೇ ಹೊರತು ಹಾಡಲಿಲ್ಲ. ನಮ್ಮ ತಂದೆಯವರು ಅರ್ಚಕರು; ಪೂಜೆಯ ಬಳಿಕ ಪಲ್ಲವಿಯನ್ನು ಎತ್ತಿಕೊಡುತ್ತಿದ್ದವರು ಅವರೇ. ಎರಡು ವರ್ಷಗಳ ಹಿಂದೆ ಅವರ ಉಸಿರು ಕುಂದಿತು. “ಇನ್ನು ನೀನು ಹೇಳಿಕೊಡಬೇಕಪ್ಪ” ಎಂದರು. ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ.

ಭಕ್ತಿಯಿದ್ದರೆ ಸಾಲದೇ, ಶ್ರುತಿಯ ಗೊಡವೆ ಏಕೆಂದು ಕೇಳುವವರುಂಟು. ಒಬ್ಬನೇ ಕುಳಿತು ಹಾಡಿಕೊಳ್ಳುವವನಿಗೆ ಈ ಮಾತು ಸರಿ. ಶ್ರುತಿ ತಪ್ಪಿದವನ ಭಕ್ತಿಯು ಭಗವಂತನಿಗೆ ಮುಟ್ಟದೆಂದು ಯಾರೂ ಹೇಳಲಾರರು. ಆದರೆ ಹತ್ತು ಜನರಿಗೆ ಹೇಳಿಕೊಡುವವನ ಶ್ರುತಿ ಜಾರಿದರೆ ಹತ್ತು ಜನರೂ ಜಾರುತ್ತಾರೆ. ನಾಮದ ಮೇಲಿರಬೇಕಾದ ಮನಸ್ಸು ಗಂಟಲಿನ ತೊಂದರೆಯ ಮೇಲೆ ಬೀಳುತ್ತದೆ. ಆದುದರಿಂದ ಶ್ರುತಿಶುದ್ಧಿಯೂ ಸೇವೆಯ ಒಂದು ಅಂಗವೆಂದೇ ತಿಳಿಯತಕ್ಕದ್ದು.

ಶ್ರುತಿಯ ಲೆಕ್ಕ

ಧ್ವನಿಯೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದರಿಂದ ಸ್ವರದ ಎತ್ತರವು ನಿಶ್ಚಿತವಾಗುತ್ತದೆ. ಒಬ್ಬ ಗಂಡಸಿನ ಆಧಾರಷಡ್ಜವು ಸೆಕೆಂಡಿಗೆ 140 ಕಂಪನಗಳೆಂದು ಇಟ್ಟುಕೊಳ್ಳೋಣ. ಇದು ಸುಮಾರು ಒಂದೂವರೆ ಮನೆಯ ಶ್ರುತಿ. ಆಗ ತಾರಷಡ್ಜವು ಅದರ ಎರಡರಷ್ಟು, ಎಂದರೆ 280. ಪಂಚಮವು ಒಂದೂವರೆಯಷ್ಟು, 210. ಅಂತರಗಾಂಧಾರವು ಒಂದೂಕಾಲಿನಷ್ಟು, 175. ಷಡ್ಜ ಪಂಚಮಗಳು ಕೂಡಿದಾಗ ಕಿವಿಗೆ ಹಿತವಾಗುವುದು ಈ ಸರಳ ಪ್ರಮಾಣಗಳಿಂದಲೇ. ಎರಡು ಷಡ್ಜಗಳ ನಡುವಿನ ಅಂತರವನ್ನು 1200 ಭಾಗಗಳನ್ನಾಗಿ ಮಾಡಿ, ಒಂದೊಂದು ಭಾಗವನ್ನು ಸೆಂಟ್ ಎಂದು ಕರೆಯುವುದು ಧ್ವನಿಶಾಸ್ತ್ರದ ರೂಢಿ. ಹನ್ನೆರಡು ಸ್ವರಸ್ಥಾನಗಳಿರುವುದರಿಂದ ಒಂದೊಂದಕ್ಕೆ ಸುಮಾರು ನೂರು ಸೆಂಟ್ ಆಯಿತು.

ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿ, ಹಾಡಿದ ಸ್ವರವನ್ನು ಗೆರೆಯಾಗಿ ತೋರಿಸುವ ತಂತ್ರಾಂಶಗಳು ಇಂದು ದೊರೆಯುತ್ತವೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮ ಮತ್ತು ಡೇವಿಡ್ ವೇನಿಂಕ್ ಎಂಬ ವಿದ್ವಾಂಸರು ಮಾತಿನ ಧ್ವನಿಯ ಅಧ್ಯಯನಕ್ಕೆಂದು ರಚಿಸಿದ ‘ಪ್ರಾಟ್’ ಅವುಗಳಲ್ಲೊಂದು. ಅದಕ್ಕೆ ಹಣ ತೆರಬೇಕಾಗಿಲ್ಲ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನೆಯಲ್ಲಿ ಕರ್ನಾಟಕ ಸಂಗೀತವೂ ಅಧ್ಯಯನದ ವಿಷಯವಾಗಿತ್ತು. ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕರಾದ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದಾಗ ಅದು ಹೊಸತಾಗಿ ಕಂಡಿತ್ತು. ಈಗ ಅಂತಹ ಪೆಟ್ಟಿಗೆಯಿಲ್ಲದ ಭಜನಾಮಂದಿರಗಳೇ ವಿರಳ. ಗಣಕಯಂತ್ರದ ಗೆರೆಯನ್ನೂ ಹಾಗೆಯೇ ಭಾವಿಸಬಹುದು.

ಗೆರೆಯು ಹೇಳಿದ ಸತ್ಯ

ಮೊದಲ ಸಂಜೆ ನಾವು ಷಡ್ಜವನ್ನು ಹತ್ತು ಸೆಕೆಂಡು ಹಿಡಿದು ಹಾಡಿ, ತೆರೆಯ ಮೇಲೆ ನೋಡಿದೆವು. ಗೆರೆಯು 140ರಲ್ಲಿ ನೆಟ್ಟಗೆ ಆರಂಭವಾಗಿ, ಉಸಿರು ಮುಗಿಯುತ್ತ ಬಂದಂತೆ 136ಕ್ಕೆ ಇಳಿದಿತ್ತು. ನಾಲ್ಕೇ ಕಂಪನಗಳಾದರೂ ಅದು ಐವತ್ತು ಸೆಂಟ್, ಎಂದರೆ ಅರ್ಧ ಸ್ವರಸ್ಥಾನ! ಪಂಚಮಕ್ಕೆ ಹೋಗುವಾಗ ಕೆಳಗಿನಿಂದ ತೆವಳಿಕೊಂಡು ಏರಿ ತಡವಾಗಿ ತಲುಪುತ್ತಿದ್ದೆವು. ಇಪ್ಪತ್ತು ವರ್ಷ ನಮ್ಮಲ್ಲಿ ಇಲ್ಲವೆಂದು ನಂಬಿದ್ದ ಸ್ವರಜ್ಞಾನವು ಇಲ್ಲದಿರಲಿಲ್ಲ. ಆರಂಭದ 140 ಅದಕ್ಕೆ ಸಾಕ್ಷಿ. ಕೊರತೆಯಿದ್ದುದು ಉಸಿರಿನ ಹಿಡಿತದಲ್ಲಿ. ರೋಗವು ಯಾವುದೆಂದು ತಿಳಿಯದೆ ಮದ್ದು ಹೇಗೆ ಕೊಡುವುದು? ಹಾಡುವವನು ತನ್ನ ಧ್ವನಿಯನ್ನು ತಲೆಯ ಎಲುಬಿನ ಮೂಲಕವೂ ಕೇಳುತ್ತಾನೆ. ಆದುದರಿಂದ ಇತರರಿಗೆ ಕೇಳಿಸುವ ಧ್ವನಿಯು ಅವನಿಗೆ ಇದ್ದಂತೆಯೇ ಕೇಳಿಸುವುದಿಲ್ಲ. ಹೊರಗಿನ ಸಾಕ್ಷಿ ಬೇಕಾಗುವುದು ಇದಕ್ಕಾಗಿಯೇ.

ಅಭ್ಯಾಸಕ್ರಮ

ಒಂದನೆಯದಾಗಿ, ಒತ್ತಾಯವಿಲ್ಲದೆ ಮಂದ್ರಪಂಚಮದಿಂದ ತಾರಷಡ್ಜದವರೆಗೆ ಸಂಚರಿಸಲು ಸಾಧ್ಯವಾಗುವ ಶ್ರುತಿಯನ್ನು ಆರಿಸಿಕೊಳ್ಳಬೇಕು. ತಂದೆಯ ಶ್ರುತಿಯಲ್ಲಿ ಮಗಳು ಹಾಡಬೇಕೆಂಬ ಹಠ ಸಲ್ಲದು.

ಎರಡನೆಯದಾಗಿ, ತಂಬೂರಿಯ ನಾದವನ್ನು ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನಿನಲ್ಲಿ, ಒಂದು ಕಿವಿಗೆ ಮಾತ್ರ ಕೇಳಬೇಕು. ಇಲ್ಲವಾದರೆ ಮೈಕು ತಂಬೂರಿಯನ್ನೂ ಹಿಡಿದು ಗೆರೆಯನ್ನು ಕೆಡಿಸುತ್ತದೆ. ಫ್ಯಾನು ನಿಲ್ಲಿಸಬೇಕು. ನಮ್ಮ ಅಂತರಸನಹಳ್ಳಿಯಲ್ಲಿ ಮಾರುಕಟ್ಟೆಗೆ ತರಕಾರಿ ತರುವ ವಾಹನಗಳ ಸದ್ದೂ ಗೆರೆಯಲ್ಲಿ ಮೂಡುವುದರಿಂದ, ನಾವು ಕಿಟಕಿ ಮುಚ್ಚಿ ಕುಳಿತುಕೊಳ್ಳುತ್ತೇವೆ. ತಂತ್ರಾಂಶವು ಕೆಲವೊಮ್ಮೆ ಸ್ವರವನ್ನು ಎರಡರಷ್ಟಾಗಿಯೋ ಅರ್ಧವಾಗಿಯೋ ತೋರಿಸುವುದುಂಟು. ಗೆರೆಯು ಒಮ್ಮೆಲೇ ಹಾರಿದರೆ ಅದು ಯಂತ್ರದ ದೋಷವೆಂದು ತಿಳಿಯಬೇಕು.

ಮೂರನೆಯದಾಗಿ, ಒಂದು ವಾರ ಷಡ್ಜ ಮಾತ್ರ. ಅನಂತರ ಷಡ್ಜ ಪಂಚಮ ಷಡ್ಜ. ಆ ಬಳಿಕವೇ ಸರಳೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನ ತಪ್ಪಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೊದಲ ತಿಂಗಳು ನಾವು ತೆರೆಯನ್ನು ನೋಡುತ್ತಲೇ ಹಾಡಿದೆವು. ಗೆರೆ ನೆಟ್ಟಗಾಯಿತೆಂದು ಹಿಗ್ಗಿದೆವು. ಭಜನೆಯಲ್ಲಿ ಹಾಡಿದಾಗ ಮತ್ತೆ ಜಾರಿದೆವು! ಕಣ್ಣು ಕಲಿತಿತ್ತು, ಕಿವಿ ಕಲಿತಿರಲಿಲ್ಲ. ಆ ಮೇಲೆ ಕ್ರಮವನ್ನು ಬದಲಿಸಿದೆವು. ಕಣ್ಣು ಮುಚ್ಚಿ ಹಾಡುವುದು. ಸ್ವರವು ಕೂಡಿತೇ, ಇಳಿಯಿತೇ, ಏರಿತೇ ಎಂದು ನಮಗೆ ನಾವೇ ತೀರ್ಪು ಹೇಳಿಕೊಳ್ಳುವುದು. ಅನಂತರವೇ ತೆರೆಯನ್ನು ನೋಡುವುದು. ಕಿವಿಯ ತೀರ್ಪೂ ಗೆರೆಯ ತೀರ್ಪೂ ಒಂದಾಗತೊಡಗಿದಾಗ ಯಂತ್ರದ ಅವಶ್ಯಕತೆ ತಾನಾಗಿ ಕಡಿಮೆಯಾಗುತ್ತದೆ.

ಯಂತ್ರದ ಮಿತಿ

ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿದ್ದುದನ್ನು ಹಿರಿಯರು ಬಲ್ಲರು. ಗುಬ್ಬಿ ವೀರಣ್ಣನವರ ಕಾಲದ ರಂಗಭೂಮಿಗೆ ಜೀವಾಳವಾಗಿದ್ದ ಅದೇ ವಾದ್ಯದ ಮೇಲೆ ಎರಡು ಆಕ್ಷೇಪಗಳಿದ್ದವು: ಅದರ ಮನೆಗಳು ಸಮಭಾಗ ಮಾಡಿದವು, ಮತ್ತು ಅದರಲ್ಲಿ ಗಮಕ ನುಡಿಯದು. ಪಾಶ್ಚಾತ್ಯ ಸಂಗೀತಕ್ಕೆಂದು ಮಾಡಿದ ಅನೇಕ ತಂತ್ರಾಂಶಗಳಲ್ಲಿಯೂ ಇವೇ ಎರಡು ಕೊರತೆಗಳಿವೆ. ಮೇಲೆ ಹೇಳಿದ ಗಾಂಧಾರವನ್ನೇ ನೋಡಿರಿ. ತಂಬೂರಿಗೆ ಕೂಡಿದ ಗಾಂಧಾರ 175. ಸಮಭಾಗದ ಲೆಕ್ಕದಲ್ಲಿ ಸುಮಾರು 176.4. ನೀವು ಸರಿಯಾಗಿ ಹಾಡಿದರೂ ಯಂತ್ರವು “ಹದಿನಾಲ್ಕು ಸೆಂಟ್ ಕಡಿಮೆ” ಎನ್ನುತ್ತದೆ. ಆಗ ತಂಬೂರಿಯನ್ನು ನಂಬಬೇಕು, ಯಂತ್ರವನ್ನಲ್ಲ. ಇನ್ನು ಗಮಕವೆಂದರೆ ಸ್ವರವು ಅಲುಗುವುದೇ ತಾನೆ? ನೇರವಾದ ಗೆರೆಯನ್ನು ಬಯಸುವ ಯಂತ್ರಕ್ಕೆ ಅದು ತಪ್ಪಾಗಿಯೇ ತೋರುತ್ತದೆ. ಆದುದರಿಂದ ಯಂತ್ರವನ್ನು ಷಡ್ಜ ಪಂಚಮಗಳ ನಿಲುಗಡೆಗೆ, ಸರಳೆಯ ಸ್ಥಿರಸ್ವರಗಳಿಗೆ ಮಾತ್ರ ಬಳಸಿ, ರಾಗಭಾವವನ್ನೂ ಸಾಹಿತ್ಯದ ಉಚ್ಚಾರವನ್ನೂ ಗುರುಮುಖದಿಂದಲೇ ಕಲಿಯತಕ್ಕದ್ದು. ಕನ್ನಡಿಯು ಹಣೆಯ ಅಂಗಾರ ಅಕ್ಷತೆ ಓರೆಯಾಗಿದೆಯೆಂದು ತೋರಿಸೀತು. ಅದನ್ನು ಧರಿಸುವ ಕ್ರಮವನ್ನು ಹೇಳಿಕೊಡಲಾರದು.

ಕಳೆದ ಧನುರ್ಮಾಸದ ಒಂದು ಬೆಳಗಿನ ಜಾವ, ಮಂಗಳಾರತಿಯ ಬಳಿಕ ನಾವು ಪಲ್ಲವಿಯನ್ನು ಎತ್ತಿಕೊಂಡೆವು. ಕೊನೆಯ ಅಕ್ಷರದಲ್ಲಿ ಉಸಿರು ಹಿಡಿದು ನಿಂತೆವು. ಕಂಬಕ್ಕೊರಗಿ ಕುಳಿತಿದ್ದ ನಮ್ಮ ತಂದೆಯವರು ಹೊಗಳಲಿಲ್ಲ, ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿದಂತೆಯೇ, ಕುಂದಿದ ಧ್ವನಿಯಲ್ಲಿ, ನಾವು ಬಿಟ್ಟ ಷಡ್ಜದಿಂದಲೇ ಎರಡನೆಯ ಸಾಲನ್ನು ಮುಂದುವರಿಸಿದರು.

ಶ್ರುತಿ ಕೂಡದೆಂದು ಮೌನವಾಗಿರುವ ಸಜ್ಜನರು ಈ ಆರಾಧನೆಯಿಂದಲಾದರೂ ಅಭ್ಯಾಸವನ್ನು ಆರಂಭಿಸಲಿ. ಹಿರಿಯರಾದವರು ಯಾವ ಮಗುವಿಗೂ “ತುಟಿ ಮಾತ್ರ ಆಡಿಸು” ಎನ್ನದಿರಲಿ. ಹರಿನಾಮವು ಎಲ್ಲರ ಕಂಠದಲ್ಲಿಯೂ ನೆಲೆಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.